ಕೋಬಾಲ್ಟ್ ಹಿಡಿದು ಪ್ರಪಂಚದ ಭೂಗೋಳ ಓದುವ ಬಗೆ

ರಾಜಧಾನಿಗಳ ಪಟ್ಟಿ ಬಾಯಿಪಾಠ ಮಾಡಿದರೆ ಪರೀಕ್ಷೆ ಮುಗಿಯುತ್ತದೆ, ಭೂಗೋಳ ಬರುವುದಿಲ್ಲ. ಒಂದೇ ಒಂದು ಸರಕು ಹಿಡಿಯಿರಿ. ಅದು ನೆಲದಿಂದ ಎದ್ದು ಯಾರ ಯಾರ ಕೈ ದಾಟುತ್ತದೆ ಎಂದು ನಕ್ಷೆಯ ಮೇಲೆ ಗುರುತು ಹಾಕುತ್ತ ಹೋದರೆ, ಯಾವ ದೇಶದ ಮಾತು ನಡೆಯುತ್ತದೆ ಎಂಬುದೂ ಕಾಣುತ್ತದೆ. ಇಲ್ಲಿ ಮೊಬೈಲ್ ಬ್ಯಾಟರಿಗೆ ಬೇಕಾಗುವ ಕೋಬಾಲ್ಟ್ ತೆಗೆದುಕೊಳ್ಳೋಣ. ಒಂದು ಗ್ಲೋಬು, ಅಟ್ಲಾಸು, ದಾರ, ಮೂರು ಹಾಳೆ ಟ್ರೇಸಿಂಗ್ ಪೇಪರ್ ಇದ್ದರೆ ಸಾಕು.

ಮೊದಲು ಕಣ್ಣಿನ ಅಳತೆ ಸರಿಮಾಡಿಕೊಳ್ಳಿ. ಗೋಡೆಗೆ ತೂಗುಹಾಕುವ ಬಹಳಷ್ಟು ನಕ್ಷೆಗಳು 1569ರ ಮರ್ಕೇಟರ್ ವಿಧಾನದವು. ಹಡಗಿನವರಿಗೆ ದಿಕ್ಕು ತಪ್ಪದಿರಲೆಂದು ಮಾಡಿದ್ದರಿಂದ, ಧ್ರುವದ ಕಡೆ ಹೋದಂತೆ ನೆಲ ಹಿಗ್ಗುತ್ತದೆ: 60 ಡಿಗ್ರಿ ಅಕ್ಷಾಂಶದಲ್ಲಿ ಉದ್ದ ಎರಡು ಪಟ್ಟು, ವಿಸ್ತೀರ್ಣ ನಾಲ್ಕು ಪಟ್ಟು. ಅದರಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ನಿಜಕ್ಕೂ ಆಫ್ರಿಕಾ ಅದರ ಸುಮಾರು 14 ಪಟ್ಟು. ಗ್ಲೋಬಿನಲ್ಲಿ ಗ್ರೀನ್‌ಲ್ಯಾಂಡಿನ ಉತ್ತರ ತುದಿಯಿಂದ ದಕ್ಷಿಣ ತುದಿಗೆ ದಾರ ಎಳೆದು, ಅದೇ ದಾರವನ್ನು ಕಾಶ್ಮೀರದಿಂದ ಕನ್ಯಾಕುಮಾರಿಗೆ ಇಟ್ಟು ನೋಡಿ. ದಾರ ಸಾಲದೆ ಹೋಗುತ್ತದೆ. ಇದನ್ನು ಓದಿ ಬಿಡಬೇಡಿ, ಕೈಯಾರೆ ಮಾಡಿ.

ಮೊದಲ ಹಾಳೆಯಲ್ಲಿ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ಗಡಿ ಬರೆದು, ದಕ್ಷಿಣದ ಗಣಿ ಊರು ಕೊಲ್ವೇಜಿ ಗುರುತಿಸಿ. ಜಗತ್ತಿನ ಗಣಿಗಳಿಂದ ಬರುವ ಕೋಬಾಲ್ಟ್‌ನಲ್ಲಿ ಮೂರನೆಯ ಎರಡು ಪಾಲಿಗೂ ಹೆಚ್ಚು ಈ ದೇಶದ್ದು. ಪಕ್ಕದಲ್ಲೇ ಕಾಂಗೋ ಬ್ರಾಜಾವಿಲ್ ಎಂಬ ಬೇರೆ ದೇಶವಿದೆ. ಅಂಕಿಅಂಶ ತೆಗೆಯುವಾಗ ಎರಡನ್ನೂ ಬೆರೆಸಿಬಿಡುವ ತಪ್ಪು ಬಹಳ ಆಗುತ್ತದೆ.

ಎರಡನೆಯ ಹಾಳೆಗೆ ಹೆಚ್ಚು ಹೊತ್ತು ಕೊಡಿ. ಇದರಲ್ಲಿ ರೈಲು ಹಳಿಗಳನ್ನಷ್ಟೇ ಬರೆಯಿರಿ. ಆಫ್ರಿಕಾವನ್ನು ಹಂಚಿಕೊಳ್ಳುವ ನಿಯಮಗಳನ್ನು ಯುರೋಪಿನ ದೇಶಗಳು ಮಾಡಿಕೊಂಡ 1884–85ರ ಬರ್ಲಿನ್ ಸಭೆಯಲ್ಲಿ ಆಫ್ರಿಕಾದ ಒಬ್ಬ ಪ್ರತಿನಿಧಿಯೂ ಇರಲಿಲ್ಲ. 1885ರಿಂದ ಕಾಂಗೋ ಬೆಲ್ಜಿಯಂ ದೊರೆ ಎರಡನೆಯ ಲಿಯೋಪೋಲ್ಡನ ಖಾಸಗಿ ಸೊತ್ತಾಯಿತು, 1908ರಲ್ಲಿ ಬೆಲ್ಜಿಯಂನ ವಸಾಹತಾಯಿತು, 1960ರ ಜೂನ್ 30ಕ್ಕೆ ಸ್ವತಂತ್ರವಾಯಿತು. ಹಳಿಗಳು ಆ ವಸಾಹತು ಕಾಲದವು. ಈಗ ಹಾಳೆಗಳನ್ನು ಒಂದರ ಮೇಲೊಂದು ಇಡಿ. ಗಣಿಯಿಂದ ಅಂಗೋಲಾ ದಾಟಿ ಲೊಬಿಟೊ ಬಂದರಿಗೆ ಹಳಿಯಿದೆ. ಸ್ವಂತ ರಾಜಧಾನಿ ಕಿನ್ಶಾಸಾಕ್ಕೆ ನೇರ ಹಳಿಯಿಲ್ಲ: ರೈಲು ಇಲೆಬೊದಲ್ಲಿ ನಿಲ್ಲುತ್ತದೆ, ಮುಂದೆ ಕಸಾಯಿ ನದಿಯ ದೋಣಿಯೇ ಗತಿ. ಅದಿರು ಹೊರಗೆ ಹೋಗಲೆಂದು ಹಾಕಿದ ಹಳಿ ಊರೂರನ್ನು ಬೆಸೆಯಲಿಲ್ಲ.

ಮೂರನೆಯ ಹಾಳೆ ಸಂಸ್ಕರಣೆಯದು. ಬಾಣದ ಗುರುತು ಚೀನಾಕ್ಕೆ ಹೋಗುತ್ತದೆ. ಶುದ್ಧ ಕೋಬಾಲ್ಟ್‌ನ ಬಹುಪಾಲು ತಯಾರಾಗುವುದು ಅಲ್ಲಿ. ಅದಿರು ಯಾರದು, ಗಣಿ ಕಂಪನಿ ಯಾರದು, ಸಂಸ್ಕರಣೆ ಎಲ್ಲಿ, ಬೆಲೆ ನಿಗದಿ ಎಲ್ಲಿ ಎಂದು ನಾಲ್ಕು ಕಾಲಂ ಹಾಕಿ ತುಂಬಿ.

ಜೊತೆಗೆ ಮತದ ಲೆಕ್ಕವೂ ಇರಲಿ. ದೇಶಗಳಿಗೆ ಸಾಲ ಕೊಡುವ ಅಂತರರಾಷ್ಟ್ರೀಯ ಹಣಕಾಸು ನಿಧಿಯಲ್ಲಿ (ಐಎಂಎಫ್) ದೊಡ್ಡ ತೀರ್ಮಾನಗಳಿಗೆ ಶೇ 85 ಮತ ಬೇಕು. ಅಮೆರಿಕದ ಪಾಲು ಶೇ 16ಕ್ಕೂ ಮಿಕ್ಕಿ; ಅದೊಂದೇ ಒಪ್ಪದಿದ್ದರೂ ಕೆಲಸ ನಿಂತಿತು. 10 ಕೋಟಿ ಮೀರಿದ ಜನರಿರುವ ಕಾಂಗೋದ ಪಾಲು ಶೇ 1 ಕೂಡ ಇಲ್ಲ.

ಎಡವುವುದು ಹೆಚ್ಚಾಗಿ ಅಂಕಿಗಳಲ್ಲಿ. ಒಂದು ದೇಶದ್ದು ಡಾಲರ್ ವಿನಿಮಯ ದರದ ಜಿಡಿಪಿ, ಇನ್ನೊಂದರದ್ದು ಕೊಳ್ಳುವ ಶಕ್ತಿಯ ಲೆಕ್ಕದ ಜಿಡಿಪಿ ತೆಗೆದುಕೊಂಡರೆ ಹೋಲಿಕೆಯೇ ಕೆಡುತ್ತದೆ. ಇಸವಿ ಒಂದೇ ಇರಲಿ, ತಲಾ ಲೆಕ್ಕವೂ ಇರಲಿ. 'ಖನಿಜವಿದ್ದರೆ ಬಡತನ' ಎಂಬ ತೀರ್ಮಾನಕ್ಕೂ ಹಾರಬೇಡಿ. ನಾರ್ವೆಯ ತೈಲ, ಬೋಟ್ಸ್ವಾನಾದ ವಜ್ರ ಎದುರಿಗಿಟ್ಟು ನೋಡಿ.

ಕೈ ಪಳಗಿದ ಮೇಲೆ ಇದೇ ಮೂರು ಹಾಳೆಗಳನ್ನು ಕೋಲಾರದ ಚಿನ್ನದ ಗಣಿಗೆ ಮಾಡಿ. ಶಿವನಸಮುದ್ರದಿಂದ ವಿದ್ಯುತ್ ತಂತಿಯ ಗೆರೆ ಎಳೆಯುವಾಗ ಇಸವಿಗಳನ್ನೂ ಬರೆಯಿರಿ: ಕೆಜಿಎಫ್‌ಗೆ 1902, ಬೆಂಗಳೂರಿಗೆ 1905.