ಕೆಲಸ ಒಪ್ಪಿಸಿದ ಮೇಲೆ ಸುಮ್ನಿರಿ

ದಸರಾ ರಜೆ ಬಂತೆಂದರೆ ಮೈಸೂರಿನ ಎಷ್ಟೋ ಮನೆಗಳಲ್ಲಿ ಗೊಂಬೆ ಪೆಟ್ಟಿಗೆ ಅಟ್ಟದಿಂದ ಇಳಿಯುತ್ತದೆ. ಮಕ್ಕಳಿಗೆ ಜವಾಬ್ದಾರಿ ಕಲಿಸಲು ಇದು ತುಂಬಾ ಒಳ್ಳೆಯ ಸಮಯ. 9 ದಿನವೂ ತಪ್ಪದೆ ಮಾಡಬೇಕಾದ, ತಪ್ಪಿದರೆ ಮನೆಗೆಲ್ಲ ಗೊತ್ತಾಗುವ ಕೆಲಸ ಅಲ್ಲಿದೆ.

ಮೊದಲು, ಒಂದೇ ಕೆಲಸ ಆರಿಸಿ, ಪೂರ್ತಿ ಒಪ್ಪಿಸಿ. "ಅಮ್ಮನಿಗೆ ಸ್ವಲ್ಪ ಸಹಾಯ ಮಾಡು ಪುಟ್ಟಿ" ಎಂದರೆ ಅದು ಅಮ್ಮನ ಕೆಲಸವಾಗಿಯೇ ಉಳಿಯುತ್ತದೆ. "ಈ ಸಲ ಸಂಜೆಯ ಚರ್ಪು ನಿಂದು" ಅನ್ನಿ. ಚರ್ಪು ಎಂದರೆ ಗೊಂಬೆ ನೋಡಲು ಬರುವ ಮಕ್ಕಳಿಗೆ ಹಂಚುವ ತಿಂಡಿ. ಯಾವ ದಿನ ಏನು, ಎಷ್ಟು ಮಕ್ಕಳು ಬರುತ್ತಾರೆ, ಕಾಳು ಎಷ್ಟು ನೆನೆಹಾಕಬೇಕು, ಎಲ್ಲಾ ಅವಳದೇ ಲೆಕ್ಕ. ಒಲೆಯ ಮುಂದಿನ ಕೆಲಸ ಮಾತ್ರ ನಿಮ್ಮದು. 8-9 ವರ್ಷದವರಿಗೆ ಇಷ್ಟು ಧಾರಾಳವಾಗಿ ಆಗುತ್ತದೆ. 4-5 ವರ್ಷದವರಿಗೆ ಗೊಂಬೆಗಳ ಮುಂದೆ ದಿನಾ ಹೂವಿಡುವುದು ಸಾಕು.

ಆಮೇಲೆ, ಒಂದೆರಡು ಸಲ ಜೊತೆಯಲ್ಲಿ ಮಾಡಿ ತೋರಿಸಿ. "ಹುಷಾರು" ಎಂದರೆ ಮಗುವಿಗೆ ಏನೂ ತಿಳಿಯದು. ರಾಜ-ರಾಣಿಯ ಜೋಡಿ, ಅಂದರೆ ಪಟ್ಟದ ಗೊಂಬೆ, ಮರದ್ದು, ಜಾರಿ ಬಿದ್ದರೂ ತಡೆದೀತು. ಮಣ್ಣಿನದು ತಡೆಯುವುದಿಲ್ಲ. ಒಂದು ಕೈ ತಳಕ್ಕೆ, ಇನ್ನೊಂದು ಬೆನ್ನಿಗೆ ಕೊಟ್ಟು ಎತ್ತುವುದನ್ನು ಅವರ ಕೈಯಲ್ಲೇ ಮಾಡಿಸಿ.

ಇನ್ನು ಕಷ್ಟದ್ದು: ನೀವು ಸುಮ್ಮನಿರುವುದು. ಹೋದ ವರ್ಷ ಮೂರನೇ ದಿನ ನಮ್ಮ ಮಗಳ ಲೆಕ್ಕ ತಪ್ಪಿತು. ಇಬ್ಬರು ಮಕ್ಕಳಿಗೆ ಉಸಲಿ ಸಾಲಲಿಲ್ಲ. ಬಿಸ್ಕತ್ತಿನ ಡಬ್ಬಿ ತರಲು ನಾನು ಎದ್ದೆ. ಅತ್ತೆ ನನ್ನ ಕೈ ಹಿಡಿದು ಕೂರಿಸಿದರು. ಅವಳು ಪಾತ್ರೆಯೊಳಗೆ ನೋಡಿದಳು, ಆ ಇಬ್ಬರ ಮುಖ ನೋಡಿದಳು. ಕೊನೆಗೆ ತನಗೆಂದು ಇಟ್ಟುಕೊಂಡಿದ್ದನ್ನೇ ಎರಡು ದೊನ್ನೆಗೆ ಹಾಕಿ ಕೊಟ್ಟಳು. ಆ ರಾತ್ರಿ ನಾವು ಯಾರೂ ಹೇಳದೆಯೇ ಎರಡು ಮುಷ್ಟಿ ಕಾಳು ಜಾಸ್ತಿ ನೆನೆಹಾಕಿದಳು. ನಾನು ಬಿಸ್ಕತ್ತು ತಂದಿದ್ದರೆ ಅವಳಿಗೆ ಇದು ಹೊಳೆಯುತ್ತಿತ್ತಾ?

ಮನೆ ಕೆಲಸಕ್ಕೆ ದುಡ್ಡು ಕೊಡಬೇಡಿ. ಮಂಡ್ಯ ಕಡೆಯ ಹಳ್ಳಿಗಳಲ್ಲಿ ಡೈರಿಗೆ ಹಾಲು ಹಾಕಿ ಬರುವ ಹುಡುಗ ಕೂಲಿ ಕೇಳುವುದಿಲ್ಲ, ಅಲ್ವಾ? ಹಸು ಅವನದೂ ಹೌದು. ನಾಲೆ ಏರಿ ಮೇಲಿನ ದಾರಿಯಾದರೆ ಮಾತ್ರ ದೊಡ್ಡವರು ಜೊತೆಗೆ ಹೋಗಲೇಬೇಕು.

ಹಬ್ಬ ಮುಗಿದ ದಿನ ಗೊಂಬೆಗಳನ್ನು ಹಳೇ ಪಂಚೆ ತುಂಡುಗಳಲ್ಲಿ ಅವರಿಂದಲೇ ಸುತ್ತಿಸಿ. ಯಾವುದು ಎಲ್ಲಿದೆ ಎಂದು ಅವರ ಅಕ್ಷರದಲ್ಲೇ ಪಟ್ಟಿ ಬರೆಸಿ, ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿ. ಮುಂದಿನ ವರ್ಷ ಬಿಚ್ಚುವವರೂ ಅವರೇ.