ಸಾಂಡ್ಜೆನ್ ರೀತಿಯಲ್ಲಿ ದಪ್ಪ ಬಣ್ಣದ ನಿಸರ್ಗಚಿತ್ರ: ಬಂಡೆ, ನದಿ, ಮರ

ಬಿರ್ಗರ್ ಸಾಂಡ್ಜೆನ್ (1871–1954) ಅವರ ಚಿತ್ರಗಳನ್ನು ನೋಡಿದವರು ಮೊದಲು ಬಣ್ಣಕ್ಕೆ ಮರುಳಾಗುತ್ತಾರೆ. ನೇರಳೆ ಬಂಡೆ, ಕಿತ್ತಳೆ ದಡ, ಹಸಿರು ಬೆರೆತ ನೀಲಿ ಆಕಾಶ. ಆದರೆ ಅದೇ ಬಣ್ಣಗಳನ್ನು ಟ್ಯೂಬಿನಿಂದ ಹಿಂಡಿ ಮೆತ್ತಿದರೆ ಗದ್ದಲವಷ್ಟೇ ಉಳಿಯುತ್ತದೆ. ಅವರ ಚಿತ್ರವನ್ನು ಹಿಡಿದು ನಿಲ್ಲಿಸುವುದು ಬಣ್ಣವಲ್ಲ, ಕುಂಚದ ಗೆರೆ ಸಾಗುವ ದಿಕ್ಕು. ಬಣ್ಣದ ದಪ್ಪ ಆ ದಿಕ್ಕನ್ನು ಎದ್ದು ಕಾಣಿಸುತ್ತದೆ, ಅಷ್ಟೇ.

ಸ್ವೀಡನ್ನಿನ ಬ್ಲಿಡ್ಸ್‌ಬರ್ಗ್‌ನಲ್ಲಿ ಹುಟ್ಟಿದ ಸಾಂಡ್ಜೆನ್ ಸ್ಟಾಕ್‌ಹೋಮಿನಲ್ಲಿ ಚಿತ್ರಕಾರ ಆಂಡರ್ಸ್ ಜೋರ್ನ್ ಬಳಿ ಕಲಿತರು. ನಂತರ ಕೆಲಕಾಲ ಪ್ಯಾರಿಸಿನಲ್ಲಿದ್ದು, 1894ರಲ್ಲಿ ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಿಂಡ್ಸ್‌ಬೋರ್ಗ್ ಸೇರಿದರು. ಸ್ವೀಡಿಷ್ ವಲಸಿಗರು ಕಟ್ಟಿದ ಆ ಪುಟ್ಟ ಊರಿನ ಬೆಥನಿ ಕಾಲೇಜಿನಲ್ಲಿ 1946ರವರೆಗೆ ಪಾಠ ಹೇಳಿದರು. ಸ್ಮೋಕಿ ಹಿಲ್ ನದಿ, ಅದರ ದಡದ ಕಾಟನ್‌ವುಡ್ ಮರಗಳು, ಕೊಲೊರಾಡೊದ ರಾಕಿ ಪರ್ವತಗಳು ಅವರ ಮುಖ್ಯ ವಸ್ತುಗಳು. ಲಿಥೋಗ್ರಾಫ್ (ಕಲ್ಲಚ್ಚು) ಮತ್ತು ಮರದಚ್ಚಿನ ಚಿತ್ರಗಳನ್ನೂ ಅವರು ನೂರಾರು ಮಾಡಿದ್ದಾರೆ. ಅಭ್ಯಾಸ ಶುರುವಾಗಬೇಕಾದದ್ದು ಈ ಕಪ್ಪುಬಿಳುಪು ಚಿತ್ರಗಳಿಂದಲೇ.

ಮೊದಲು ಶಾಯಿ, ಆಮೇಲೆ ಬಣ್ಣ

ಬಂಡೆ, ನೀರು, ನಾಲ್ಕೈದು ಮರಗಳಿರುವ ಅವರ ಒಂದು ಚಿತ್ರವನ್ನು ಆರಿಸಿ. ಜನಸಂದಣಿ, ಕಟ್ಟಡಗಳಿರುವುದು ಬೇಡ. 10×13 ಸೆಂ.ಮೀ. ಕಾಗದದ ಮೇಲೆ ಕಪ್ಪು ಶಾಯಿ ಮತ್ತು 6ನೇ ನಂಬರಿನ ಕುಂಚದಿಂದ ಅದನ್ನು ಬರೀ ಗೆರೆಗಳಲ್ಲಿ ಬರೆಯಿರಿ. ಸೀಸದಕಡ್ಡಿ ಬೇಡ, ಅದು ಅಳಿಸುವ ಆಸೆ ಹುಟ್ಟಿಸುತ್ತದೆ.

ಬಂಡೆಯ ಮೇಲ್ಮುಖ ಸಪಾಟಾಗಿದ್ದರೆ ಗೆರೆ ಅಡ್ಡ, ಪಕ್ಕದ ಮುಖ ಕಡಿದಾಗಿದ್ದರೆ ಗೆರೆ ಲಂಬ ಅಥವಾ ಓರೆ. ಮುಖ ತಿರುಗಿದಲ್ಲೆಲ್ಲ ಗೆರೆಯೂ ತಿರುಗಬೇಕು. ಕಾಂಡಕ್ಕೆ ಕೆಳಗಿನಿಂದ ಮೇಲಕ್ಕೆ, ಎಲೆಯ ರಾಶಿಗೆ ಕೊಂಬೆಯಿಂದ ಹೊರಕ್ಕೆ ಬಾಗುವ ಗಿಡ್ಡ ಗೆರೆ. ನೀರಿಗೆ ಅಡ್ಡಗೆರೆ ಬಿಟ್ಟು ಬೇರೇನೂ ಬೇಡ. ಹೀಗೆ ಮೂರ್ನಾಲ್ಕು ಸಲ ಬರೆದ ಮೇಲೆ ಬಣ್ಣದ ನೆರವಿಲ್ಲದೆಯೇ ಬಂಡೆಯ ಭಾರ ಕಾಣಬೇಕು. ಕಾಣದಿದ್ದರೆ ಎಣ್ಣೆಬಣ್ಣ ತೆರೆಯಬೇಡಿ. ಶಾಯಿಯಲ್ಲಿ ನಿಲ್ಲದ ಬಂಡೆ ಮೂರು ಮಿಲಿಮೀಟರ್ ಬಣ್ಣ ಹಚ್ಚಿದರೂ ನಿಲ್ಲುವುದಿಲ್ಲ.

ಹಲಗೆ ಮತ್ತು ಸಾಮಗ್ರಿ

ಬಿಗಿದ ಕ್ಯಾನ್ವಾಸ್ ಬದಲು 30×40 ಸೆಂ.ಮೀ. ಅಳತೆಯ, 6 ಮಿ.ಮೀ. ದಪ್ಪದ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆ ಬಳಸಿ. ಬಟ್ಟೆ ಬಾಗುತ್ತದೆ, ಒಣಗಿದ ದಪ್ಪ ಬಣ್ಣ ಬಾಗುವುದಿಲ್ಲ. ಬಿರುಕು ಅಲ್ಲಿಂದಲೇ ಶುರು. ಹಲಗೆಯ ಎರಡೂ ಬದಿಗೆ ಮತ್ತು ನಾಲ್ಕೂ ಅಂಚಿಗೆ ಅಕ್ರಿಲಿಕ್ ಜೆಸ್ಸೊ (ಬಣ್ಣಕ್ಕೆ ಮೊದಲು ಬಳಿಯುವ ಬಿಳಿ ತಳಲೇಪ) ಬಳಿಯಿರಿ. ಒಂದೇ ಬದಿಗೆ ಬಳಿದರೆ ಹಲಗೆ ಸೊಟ್ಟಗಾಗುತ್ತದೆ. ಮುಂಬದಿಗೆ ಮೂರು ಕೋಟ್, ಪ್ರತಿ ಕೋಟ್ ಒಣಗಿದ ಮೇಲೆ 220ರ ಮರಳುಕಾಗದದಿಂದ ಹಗುರಾಗಿ ಉಜ್ಜಬೇಕು. ಕೊನೆಯ ಕೋಟ್ ಆದ ಮೇಲೆ ಮೂರು ದಿನ ಬಿಡಿ. ನಂತರ ಬರ್ನ್ಟ್ ಸಿಯೆನಾ ಎಂಬ ಕೆಂಗಂದು ಎಣ್ಣೆಬಣ್ಣವನ್ನು ಟರ್ಪೆಂಟೈನಿನಲ್ಲಿ ತೆಳ್ಳಗೆ ಕರಗಿಸಿ ಇಡೀ ಹಲಗೆಗೆ ಒರೆಸಿ. ಗೆರೆಗಳ ನಡುವಿನ ಸಂದಿಯಲ್ಲಿ ಬಿಳಿ ಇಣುಕಿದರೆ ಕಣ್ಣಿಗೆ ಚುಚ್ಚುತ್ತದೆ, ಈ ಕಂದು ಇಣುಕಿದರೆ ಇಡೀ ಚಿತ್ರ ಬೆಚ್ಚಗಾಗುತ್ತದೆ.

ಬಣ್ಣ ಎಷ್ಟು ಬೇಕು? ಹಲಗೆ 1,200 ಚದರ ಸೆಂ.ಮೀ. ಸರಾಸರಿ ದಪ್ಪ 1 ಮಿ.ಮೀ. ಎಂದುಕೊಂಡರೂ 120 ಮಿ.ಲೀ. ಆಗುತ್ತದೆ. ಅದರಲ್ಲಿ ಸುಮಾರು ಅರ್ಧ ಬಿಳಿ. ಅಂದರೆ 40 ಮಿ.ಲೀ.ಯ ಬಿಳಿ ಟ್ಯೂಬ್ ಎರಡು, ಉಳಿದ ಬಣ್ಣಗಳು ಒಂದೊಂದು: ಕ್ಯಾಡ್ಮಿಯಂ ಹಳದಿ, ಕ್ಯಾಡ್ಮಿಯಂ ಕೆಂಪು, ಅಲಿಝರಿನ್ ಕ್ರಿಮ್ಸನ್ (ಕಡುಗೆಂಪು), ಅಲ್ಟ್ರಾಮರೀನ್ (ಕಡುನೀಲಿ), ಸೆರುಲಿಯನ್ (ಆಕಾಶನೀಲಿ), ವಿರಿಡಿಯನ್ (ನೀಲಿ ಬೆರೆತ ಹಸಿರು). ಬಣ್ಣ ಉಳಿಸುವ ಜಿಪುಣತನ ಈ ರೀತಿಗೆ ಒಗ್ಗುವುದಿಲ್ಲ. ಕೈ ಬಿಗಿಯಾದರೆ ಹಲಗೆ ಚಿಕ್ಕದು ಮಾಡಿ, ದಪ್ಪ ಕಡಿಮೆ ಮಾಡಬೇಡಿ. ಕಪ್ಪು ತರಲೇಬೇಡಿ. ಜೋರ್ನ್ ಹೆಸರಿನಲ್ಲಿ ಪ್ರಸಿದ್ಧವಾದ ಬಿಳಿ, ಆಕರ್ (ಮಣ್ಣಿನ ಹಳದಿ), ಕೆಂಪು, ಕಪ್ಪು ಎಂಬ ನಾಲ್ಕೇ ಬಣ್ಣದ ಪ್ಯಾಲೆಟ್‌ಗೆ ಶಿಷ್ಯನ ದಾರಿ ಹೆಚ್ಚುಕಡಿಮೆ ತದ್ವಿರುದ್ಧ.

ಬಿಳಿ ಕೊಳ್ಳುವಾಗ ಟ್ಯೂಬಿನ ಹಿಂಬದಿ ಓದಿ. ಅಲ್ಲಿ ಬಣ್ಣದ ಪುಡಿಯ ಸಂಕೇತವಿರುತ್ತದೆ: ಪಿಡಬ್ಲ್ಯು 6 (PW6) ಎಂದಿದ್ದರೆ ಟೈಟಾನಿಯಂ. ಪಿಡಬ್ಲ್ಯು 4 (PW4) ಎಂದೂ ಇದ್ದರೆ ಝಿಂಕ್ ಬೆರೆಸಿದ್ದಾರೆ. ಝಿಂಕ್ ಬಿಳಿ ವರ್ಷಗಳು ಕಳೆದಂತೆ ಗಡುಸಾಗಿ ಪದರವಾಗಿ ಏಳುವುದುಂಟು. ಕುಂಚಗಳು ಹಂದಿಕೂದಲಿನ ಚಪ್ಪಟೆಯವು, 8, 10, 12ನೇ ನಂಬರ್, ಕನಿಷ್ಠ ಆರು.

ಬಣ್ಣ ಬೆರೆಸುವುದು

ಕೆಲಸಕ್ಕೆ ಕೂರುವ ಮುನ್ನವೇ ಎಲ್ಲ ಬಣ್ಣ ಬೆರೆಸಿಡಿ. ನಡುವೆ ಬೆರೆಸಲು ನಿಂತರೆ ಲಯ ತಪ್ಪುತ್ತದೆ, ಗುಡ್ಡೆಗಳೂ ಚಿಕ್ಕದಾಗುತ್ತವೆ. 12–15 ಮಿ.ಲೀ.ಯ ಎಂಟು ಗುಡ್ಡೆ ಸಾಕು. ಪ್ರಮಾಣ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ, ಶುರುವಿಗೆ ಪಾಲಿನ ಲೆಕ್ಕದಲ್ಲಿ ಹೀಗಿರಲಿ:

ಬಂಡೆಯ ಬಿಸಿಲು: ಬಿಳಿ 6, ಹಳದಿ 1, ಕೆಂಪು ಅರ್ಧ.
ಬಂಡೆಯ ನೆರಳು: ಅಲ್ಟ್ರಾಮರೀನ್ 2, ಅಲಿಝರಿನ್ 1, ಬಿಳಿ 3.
ನೆರಳಿನೊಳಗಿನ ಹಸಿರುನೀಲಿ: ವಿರಿಡಿಯನ್ 1, ಸೆರುಲಿಯನ್ 1, ಬಿಳಿ 2.
ಎಲೆಯ ಬಿಸಿಲು: ಹಳದಿ 3, ವಿರಿಡಿಯನ್ 1, ಬಿಳಿ 1.
ಎಲೆಯ ನೆರಳು: ಅಲ್ಟ್ರಾಮರೀನ್ 2, ವಿರಿಡಿಯನ್ 1, ಅಲಿಝರಿನ್ ಅರ್ಧ.
ಮೇಲಿನ ಆಕಾಶ: ಬಿಳಿ 6, ಸೆರುಲಿಯನ್ 1.
ದಿಗಂತ: ಬಿಳಿ 10, ಹಳದಿ 1, ಚಿಟಿಕೆ ಕೆಂಪು.
ಆಕಾಶದ ನಡುವೆ ಸೇರಿಸಲು ತಿಳಿಗುಲಾಬಿ: ಬಿಳಿ 8, ಅಲಿಝರಿನ್ ಚಿಟಿಕೆ.

ಈಗ ಮೊಬೈಲಿನಲ್ಲಿ ಪ್ಯಾಲೆಟ್ಟಿನ ಕಪ್ಪುಬಿಳುಪು ಫೋಟೊ ತೆಗೆಯಿರಿ. ಬಂಡೆಯ ನೆರಳಿನ ನೇರಳೆಯೂ ಅದರೊಳಗೆ ಇಡುವ ಹಸಿರುನೀಲಿಯೂ ಒಂದೇ ಬೂದು ಕಾಣಬೇಕು. ಆಕಾಶದ ನೀಲಿ ಮತ್ತು ಗುಲಾಬಿಯೂ ಹಾಗೆಯೇ. ವರ್ಣ ಬೇರೆ, ಗಾಢತೆ ಒಂದೇ ಇದ್ದರೆ ಮಾತ್ರ ಅಕ್ಕಪಕ್ಕದ ಗೆರೆಗಳು ಮಿನುಗುತ್ತಲೇ ಒಂದೇ ಮುಖವಾಗಿ ಕೂಡಿಕೊಳ್ಳುತ್ತವೆ. ಗಾಢತೆ ಬೇರೆಯಾದರೆ ಬಂಡೆಯ ಮೇಲೆ ಚುಕ್ಕೆ ಚೆಲ್ಲಿದಂತಾಗುತ್ತದೆ. ಈ ಪರೀಕ್ಷೆ ಬಿಟ್ಟವರ ಚಿತ್ರ ದೂರದಿಂದಲೇ ಗೊತ್ತಾಗುತ್ತದೆ.

ಬಣ್ಣ ಬೆಣ್ಣೆಯಷ್ಟು ಗಟ್ಟಿಯಿರಬೇಕು. ಟ್ಯೂಬಿನಿಂದ ಎಣ್ಣೆ ಹೆಚ್ಚು ಬಂದರೆ ಬಣ್ಣವನ್ನು ಬಿಳಿ ಕಾಗದದ ಮೇಲೆ ಒಂದೆರಡು ಗಂಟೆ ಇಡಿ, ಕಾಗದ ಎಣ್ಣೆ ಹೀರುತ್ತದೆ. ಲಿನ್‌ಸೀಡ್ (ಅಗಸೆ) ಎಣ್ಣೆ ಸೇರಿಸಬೇಡಿ. ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುವಂಥದ್ದು. ಎಣ್ಣೆ ಹೆಚ್ಚಾದರೆ ಮೇಲ್ಪದರ ಮೊದಲು ಗಟ್ಟಿಯಾಗಿ ಹಿಗ್ಗುತ್ತದೆ, ಒಳಗೆ ಹಸಿಯೇ ಉಳಿದು ಚಿತ್ರ ಸುಕ್ಕುಗಟ್ಟುತ್ತದೆ.

ಹಚ್ಚುವ ಕ್ರಮ

ಶಾಯಿಯ ಚಿತ್ರವನ್ನು ತೆಳು ಅಲ್ಟ್ರಾಮರೀನ್ ಗೆರೆಯಲ್ಲಿ ಹಲಗೆಗೆ ಎತ್ತಿಕೊಳ್ಳಿ. ಗಾಢ ಭಾಗಗಳು ಮೊದಲು, ಬಿಸಿಲು ಕೊನೆಗೆ. ನೆರಳಿನಲ್ಲಿ ಬಣ್ಣ ಒಂದು ಮಿಲಿಮೀಟರ್‌ಗಿಂತ ಕಡಿಮೆ, ಬಿಸಿಲಿನಲ್ಲಿ ಎರಡು ಮೂರು ಮಿಲಿಮೀಟರ್. ಆಕಾರ ಆಕಾರದ ನಡುವೆ 3 ಮಿ.ಮೀ. ಸಂದಿ ಬಿಡಿ. ಆಕಾಶದ ಹಸಿ ಬಣ್ಣ ಮರದ ಹಸಿ ಬಣ್ಣವನ್ನು ಮುಟ್ಟಿದರೆ ಎರಡೂ ಹಾಳು. ಸಾಂಡ್ಜೆನ್ ಅಂಚುಗಳಲ್ಲಿ ಕಾಣುವ ಗಾಢ ಗೆರೆಯನ್ನು ಈ ಸಂದಿಯೊಳಗೇ ಕೊನೆಗೆ ಇಡಬಹುದು: ಕಿತ್ತಳೆ ಮುಖದ ಪಕ್ಕ ನೀಲಿ, ಹಸಿರಿನ ಪಕ್ಕ ನೇರಳೆಗೆಂಪು.

ಕುಂಚದ ತುದಿಯಲ್ಲಿ ಬಣ್ಣ ರಾಶಿಯಾಗಿ ಎತ್ತಿ, ಒತ್ತದೆ ಇಟ್ಟು, ಎರಡು ಮೂರು ಸೆಂಟಿಮೀಟರ್ ಎಳೆದು, ಎತ್ತಿಬಿಡಿ. ಮತ್ತೆ ಅದೇ ಜಾಗ ಮುಟ್ಟಬೇಡಿ. ಎರಡು ಗೆರೆಗೊಮ್ಮೆ ಕುಂಚ ಒರೆಸಿ. ಬೆಚ್ಚನೆಯ, ತಂಪು, ತಿಳಿ ಬಣ್ಣಗಳಿಗೆ ಬೇರೆ ಬೇರೆ ಕುಂಚ. ಕಿತ್ತಳೆ ಮತ್ತು ನೀಲಿ ಅಕ್ಕಪಕ್ಕ ಇದ್ದಾಗ ಹೊಳೆಯುತ್ತವೆ, ಒಂದರೊಳಗೊಂದು ಬೆರೆತರೆ ಕೆಸರು. ಸರಿಯಾಗದ ಗೆರೆಯ ಮೇಲೆ ಇನ್ನೊಂದು ಹಾಕಬೇಡಿ. ಪ್ಯಾಲೆಟ್ ಚಾಕುವಿನಿಂದ ತಳದವರೆಗೆ ಕೆರೆದು, ಬಟ್ಟೆಯಿಂದ ಒರೆಸಿ, ಹೊಸದಾಗಿ ಇಡಿ.

ನೀರಿನಲ್ಲಿ ಒಂದು ನಿಯಮ ನೆನಪಿರಲಿ: ತಿಳಿ ವಸ್ತುವಿನ ಬಿಂಬ ತುಸು ಗಾಢ, ಗಾಢ ವಸ್ತುವಿನ ಬಿಂಬ ತುಸು ತಿಳಿ. ಆಕಾಶ ಸುಲಭವೆನಿಸಿದರೂ ಅಲ್ಲೇ ಹೆಚ್ಚು ಜನ ಸೋಲುವುದು. ನೀಲಿಯನ್ನು ನಯವಾಗಿ ಬೆಸೆದು ಕೂತುಬಿಡುತ್ತಾರೆ. ಅಲ್ಲಿಯೂ ಬಿಡಿ ಗೆರೆಗಳೇ ಬೇಕು, ಬಂಡೆಯವಕ್ಕಿಂತ ಉದ್ದ, ತುಸು ತೆಳು.

ಒಂದೇ ಕೂತಿನಲ್ಲಿ ಮುಗಿಯದಿದ್ದರೆ ಆಕಾಶ ಮತ್ತು ದೂರದ ಬೆಟ್ಟ ಒಂದು ದಿನ, ಉಳಿದದ್ದು ಮರುದಿನ. ಬಣ್ಣದ ಮೇಲೆ ತೊಗಟೆ ಕಟ್ಟಿದ ಮೇಲೆ ಅದನ್ನು ಒಡೆದು ಕೆಲಸ ಮಾಡಬಾರದು.

ಒಣಗಿಸುವುದು

ಎಣ್ಣೆ, ಟರ್ಪೆಂಟೈನ್ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಎಸೆಯಬೇಡಿ. ಲಿನ್‌ಸೀಡ್ ಎಣ್ಣೆ ಒಣಗುವಾಗ ಬಿಸಿಯಾಗಿ ಬಟ್ಟೆ ತಾನೇ ಹೊತ್ತಿಕೊಳ್ಳಬಹುದು. ನೀರು ತುಂಬಿದ ಮುಚ್ಚಳದ ಡಬ್ಬಿಗೆ ಹಾಕಿ. ಕ್ಯಾಡ್ಮಿಯಂ ವಿಷ, ಒಣಗಿದ ಬಣ್ಣವನ್ನು ಮರಳುಕಾಗದದಿಂದ ಉಜ್ಜಬೇಡಿ.

ದಪ್ಪ ಬಣ್ಣ ಮುಟ್ಟಲು ಒಣಗಿದಂತಿದ್ದರೂ ಒಳಗೆ ತಿಂಗಳುಗಟ್ಟಲೆ ಮೆತ್ತಗಿರುತ್ತದೆ. ಬಿಸಿಲಿಗೆ ಇಡಬೇಡಿ, ಬೀರುವಿನಲ್ಲೂ ಇಡಬೇಡಿ. ಕತ್ತಲಲ್ಲಿ ಒಣಗಿದರೆ ಎಣ್ಣೆ ಹಳದಿಯಾಗುತ್ತದೆ, ಕರಾವಳಿ ಮಲೆನಾಡಿನ ಮಳೆಗಾಲದಲ್ಲಿ ಹಿಂಬದಿಗೆ ಬೂಷ್ಟೂ ಹಿಡಿಯುತ್ತದೆ. ಗಾಳಿಯಾಡುವ ಬೆಳಕಿನ ಕೋಣೆಯ ಒಳಗೋಡೆಗೆ ತೂಗುಹಾಕಿ. ಅತಿ ದಪ್ಪವಿರುವ ಕಡೆ ಉಗುರಿನಿಂದ ಒತ್ತಿ ನೋಡಿ. ಗುರುತು ಬಿದ್ದರೆ ವಾರ್ನಿಷ್ ಬೇಡ. ಈ ದಪ್ಪಕ್ಕೆ ಸಾಮಾನ್ಯವಾಗಿ ವರ್ಷ ದಾಟಬೇಕು. ಹಿಂಬದಿಯಲ್ಲಿ ದಿನಾಂಕದ ಜೊತೆ ಸಾಂಡ್ಜೆನ್ ಚಿತ್ರ ನೋಡಿ ಬರೆದದ್ದು ಎಂದು ಅಳಿಸದ ಶಾಯಿಯಲ್ಲಿ ನಮೂದಿಸಿ. ಮುಂಬದಿಯಲ್ಲಿ ಅವರ ಸಹಿ ನಕಲು ಮಾಡಬೇಡಿ.