ಇಬ್ಬರು ಬರ್ನಾರ್ಡ್‌ಗಳು, ಒಂದು ಕಪ್

ಬ್ರಿಟನ್ನಿನ ಪೈಲಟ್ ಫ್ರಾಂಕ್ ಬರ್ನಾರ್ಡ್ ತೀರಿಕೊಂಡದ್ದು 1927ರ ಜುಲೈ 28ರಂದು. ನನ್ನ ಪಟ್ಟಿಯಲ್ಲಿ ಮಾತ್ರ ಅವರು 1929ರಲ್ಲಿ ಭಾರತಕ್ಕೆ ಹಾರಿ ಇಂಗ್ಲೆಂಡಿಗೆ ಮರಳಿದ್ದರು. ಬ್ರಿಟನ್ನಿನ ಕಿಂಗ್ಸ್ ಕಪ್ ವಿಮಾನ ಸ್ಪರ್ಧೆಯ ದಾಖಲೆಗಳನ್ನು ಕಲೆಹಾಕಲು ತೊಡಗಿ ಏಳು ತಿಂಗಳಾದ ಮೇಲೆ ಈ ತಪ್ಪು ಕಣ್ಣಿಗೆ ಬಿತ್ತು. ಅಂದು ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಇಡೀ ಕೆಲಸವನ್ನು ಮೊದಲಿನಿಂದ ಶುರು ಮಾಡಿದೆ.

ತಪ್ಪು ಆದದ್ದು ಹೀಗೆ. 1922ರ ಸೆಪ್ಟೆಂಬರ್‌ನಲ್ಲಿ ನಡೆದ ಮೊದಲ ಕಿಂಗ್ಸ್ ಕಪ್ ಗೆದ್ದವರು ಫ್ರಾಂಕ್ ಬರ್ನಾರ್ಡ್. 1925ರಲ್ಲಿ ಸಿಸ್ಕಿನ್ ವಿಮಾನದಲ್ಲಿ ಮತ್ತೊಮ್ಮೆ ಗೆದ್ದರು. 1927ರ ಸ್ಪರ್ಧೆಗೆಂದು ಸಿದ್ಧವಾಗುತ್ತಿದ್ದ ಬ್ರಿಸ್ಟಲ್ ಬ್ಯಾಡ್ಮಿಂಟನ್ ವಿಮಾನವನ್ನು ಪರೀಕ್ಷಿಸುವಾಗ ಅಪಘಾತದಲ್ಲಿ ಸತ್ತರು. ಬೆಡ್‌ಫರ್ಡ್‌ನ ಡಚೆಸ್ ಜೊತೆ ಭಾರತಕ್ಕೆ ಹಾರಿದವರು ಚಾರ್ಲ್ಸ್ ಡಗ್ಲಸ್ ಬರ್ನಾರ್ಡ್. ಆ ಕಾಲದ ಪತ್ರಿಕೆಗಳು ಇಬ್ಬರನ್ನೂ ‘ಕ್ಯಾಪ್ಟನ್ ಬರ್ನಾರ್ಡ್’ ಎಂದು ಬರೆದದ್ದುಂಟು. ನಾನು ಹೆಸರನ್ನೇ ನೆಚ್ಚಿಕೊಂಡು ಇಬ್ಬರನ್ನೂ ಒಂದೇ ಸಾಲಿಗೆ ಸೇರಿಸಿಬಿಟ್ಟಿದ್ದೆ. ಹೀಗೆ ಹೆಸರು ದಾರಿ ತಪ್ಪಿಸುವುದು ಇಲ್ಲಿ ಹೊಸದಲ್ಲ. 1933ರಲ್ಲಿ ಗೆದ್ದ ಜೆಫ್ರಿ ಡಿ ಹ್ಯಾವಿಲೆಂಡ್ ವಿಮಾನ ತಯಾರಕ ತಂದೆ. ಅದೇ ಹೆಸರಿನ ಮಗನೂ ಪೈಲಟ್. 1949ರ ವಿಜೇತ ಒಂದು ಕಡೆ ನ್ಯಾಟ್ ಸೋಮರ್ಸ್, ಇನ್ನೊಂದು ಕಡೆ ಜೆ. ಎನ್. ಸೋಮರ್ಸ್.

ಆ ದಿನದಿಂದ ನನ್ನ ದಾಖಲೆಯ ಮೊದಲ ಕಾಲಂ ಮನುಷ್ಯರದಲ್ಲ, ವಿಮಾನದ ನೋಂದಣಿ ಅಕ್ಷರಗಳದು. ಬರ್ನಾರ್ಡ್ 1922ರಲ್ಲಿ ಹಾರಿಸಿದ ಡಿಎಚ್4ಎ ವಿಮಾನ ಜಿ-ಇಎಎಂಯು. ಆ ಅಕ್ಷರಗಳ ವಿಮಾನ ಇನ್ನೊಂದಿಲ್ಲ. ಬ್ರಿಟನ್ನಿನ ನಾಗರಿಕ ವಿಮಾನಯಾನ ಪ್ರಾಧಿಕಾರವು ಹಳೆಯ ನೋಂದಣಿ ಪುಟಗಳನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ಸಿಗುವಂತೆ ಇಟ್ಟಿರುವುದರಿಂದ, ಒಂದು ವಿಮಾನ ಯಾವಾಗ ಯಾರ ಹೆಸರಿನಲ್ಲಿತ್ತು ಎಂಬುದನ್ನು ಮೂಲದ ಕೈಬರಹದಲ್ಲೇ ಓದಬಹುದು. ಪತ್ರಿಕೆಯ ವರದಿಯನ್ನು ಆ ಪುಟದೊಂದಿಗೆ ಹೋಲಿಸಿ ನೋಡದೆ ಈಗ ಒಂದು ಸಾಲನ್ನೂ ಸೇರಿಸುವುದಿಲ್ಲ.

ಹಾಗೆಂದು ನೋಂದಣಿ ಅಕ್ಷರಗಳನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. 1938ರಲ್ಲಿ ಅಲೆಕ್ಸ್ ಹೆನ್ಷಾ ಗೆದ್ದ ಪರ್ಸಿವಲ್ ಮ್ಯೂ ಗಲ್ ವಿಮಾನ ಜಿ-ಎಇಎಕ್ಸ್‌ಎಫ್. ಅದೇ ವಿಮಾನ 1936ರಲ್ಲಿ ಪೋರ್ಟ್ಸ್‌ಮತ್‌ನಿಂದ ಜೊಹಾನ್ಸ್‌ಬರ್ಗ್‌ವರೆಗಿನ ಶ್ಲೆಸಿಂಜರ್ ಸ್ಪರ್ಧೆಯಲ್ಲಿ ಹಾರಿದಾಗ ಅದರ ಮೈಮೇಲಿದ್ದದ್ದು ದಕ್ಷಿಣ ಆಫ್ರಿಕಾದ ನೋಂದಣಿ, ಝಡ್‌ಎಸ್-ಎಎಚ್‌ಎಂ. ಇದು ತಿಳಿಯುವವರೆಗೆ ನನ್ನ ಹಾಳೆಯಲ್ಲಿ ಒಂದು ವಿಮಾನ ಎರಡಾಗಿತ್ತು. ಈಗ ‘ಹಿಂದಿನ ಗುರುತು’ ಎಂಬ ಕಾಲಂ ಬೇರೆಯೇ ಇದೆ. ಆ ಪುಟ್ಟ ಬಿಳಿ ವಿಮಾನ ಓಲ್ಡ್ ವಾರ್ಡನ್‌ನ ಷಟಲ್‌ವರ್ತ್ ಸಂಗ್ರಹದಲ್ಲಿ ಇಂದಿಗೂ ಇದೆ. ಅದರ ಎದುರು ನಿಂತಾಗ, ತಿಂಗಳುಗಟ್ಟಲೆ ಬರಿಯ ಅಕ್ಷರಗಳಾಗಿ ಕಂಡದ್ದು ಇದೇ ಅಲ್ಲವೇ ಎಂದು ಗಂಟಲು ಕಟ್ಟಿತು.

ಎಲ್ಲಕ್ಕಿಂತ ಹೆಚ್ಚು ಹೊತ್ತು ತಿಂದದ್ದು ಹ್ಯಾಂಡಿಕ್ಯಾಪ್. ಕಿಂಗ್ಸ್ ಕಪ್ ಅತಿ ವೇಗದ ವಿಮಾನಕ್ಕೆ ಸಿಗುವ ಬಹುಮಾನವಲ್ಲ. ಪ್ರತಿ ವಿಮಾನದ ಸಾಮರ್ಥ್ಯವನ್ನು ಮೊದಲೇ ಲೆಕ್ಕಹಾಕಿ, ನಿಧಾನದವುಗಳನ್ನು ಮೊದಲು, ವೇಗದವುಗಳನ್ನು ಕೊನೆಗೆ ಬಿಡುತ್ತಾರೆ. ಲೆಕ್ಕ ಕರಾರುವಾಕ್ಕಾಗಿದ್ದರೆ ಎಲ್ಲವೂ ಒಟ್ಟಿಗೇ ಅಂತಿಮ ಗೆರೆ ಮುಟ್ಟಬೇಕು. ಲೆಕ್ಕಕ್ಕಿಂತ ಚೆನ್ನಾಗಿ ಹಾರಿದವರು ಮೊದಲು ಬರುತ್ತಾರೆ. ನಾನು ಆರಂಭದಲ್ಲಿ ಸರಾಸರಿ ವೇಗದ ಕಾಲಂ ಹಿಡಿದು ಸ್ಥಾನಗಳನ್ನು ಜೋಡಿಸಿದ್ದೆ. ಬಂದ ಫಲಿತಾಂಶ ಅಸಂಬದ್ಧವಾಗಿತ್ತು. 1950ರ ಸ್ಪರ್ಧೆಯನ್ನೇ ನೋಡಿ. ಯುದ್ಧದಲ್ಲಿ ಹೆಸರು ಮಾಡಿದ ಹರಿಕೇನ್ ಮಾದರಿಯ ಒಂದು ಯುದ್ಧವಿಮಾನ ಅಂದು ಕಣದಲ್ಲಿತ್ತು. ಪೀಟರ್ ಟೌನ್‌ಸೆಂಡ್ ಅದನ್ನು ಹಾರಿಸಿ ಎರಡನೆಯವರಾದರು. ಗೆದ್ದದ್ದು ಎಡ್ವರ್ಡ್ ಡೇ ಹಾರಿಸಿದ ಮೈಲ್ಸ್ ಹಾಕ್ ಟ್ರೇನರ್, ಅಂದರೆ ಹಾರಾಟ ಕಲಿಸಲು ಬಳಸುವ ಸಾಧಾರಣ ವಿಮಾನ. ವೇಗ ನೋಡಿ ಸ್ಥಾನ ಕೊಟ್ಟರೆ ಇತಿಹಾಸವೇ ತಲೆಕೆಳಗು. ಹಾಗಾಗಿ ಹೊರಟ ಗಳಿಗೆ, ತಲುಪಿದ ಗಳಿಗೆ, ಹಾರಿದ ಅವಧಿ, ಅಧಿಕೃತ ಸ್ಥಾನ ಇವೆಲ್ಲಕ್ಕೂ ಪ್ರತ್ಯೇಕ ಕಾಲಂ ಇಟ್ಟೆ. ಒಂದರಿಂದ ಇನ್ನೊಂದನ್ನು ಲೆಕ್ಕಹಾಕಿ ತುಂಬುವುದನ್ನು ಪೂರ್ತಿ ನಿಲ್ಲಿಸಿದೆ.

ಅದೇ 1950 ಇನ್ನೊಂದು ಕಾಲಂ ಕೂಡಿಸಿತು. ಆ ಹರಿಕೇನ್‌ಅನ್ನು ಸ್ಪರ್ಧೆಗೆ ಇಳಿಸಿದವರು ರಾಜಕುಮಾರಿ ಮಾರ್ಗರೆಟ್. ಈ ಸ್ಪರ್ಧೆಯಲ್ಲಿ ಹೆಸರು ನೋಂದಾಯಿಸುವವರು ಒಬ್ಬರು, ಹಾರಿಸುವವರು ಇನ್ನೊಬ್ಬರು ಆಗಿರುವುದು ಸಾಮಾನ್ಯ. ಹಳೆಯ ವರದಿಯಲ್ಲಿ ಒಂದೇ ಹೆಸರು ಕಂಡರೆ ಅದು ಯಾರದೆಂದು ಖಚಿತವಾಗುವವರೆಗೆ ಎರಡೂ ಕಾಲಂಗಳನ್ನು ಖಾಲಿ ಬಿಡುತ್ತೇನೆ.

ವೇಗವನ್ನು ಮೂಲದಲ್ಲಿ ಇದ್ದಂತೆಯೇ ಬರೆದುಕೊಳ್ಳುವುದು ನನ್ನ ಇನ್ನೊಂದು ಹಟ. ಹೆನ್ಷಾ ಅವರದು ಗಂಟೆಗೆ 236.25 ಮೈಲಿ. ಅದನ್ನು 380 ಕಿಲೋಮೀಟರ್ ಎಂದು ಬದಲಿಸಿ ಮೂಲವನ್ನು ಅಳಿಸಿದರೆ, ಆ ದಶಾಂಶ ಮತ್ತೆ ಸಿಗುವುದಿಲ್ಲ. ದಿನಾಂಕದ ವಿಷಯದಲ್ಲೂ ಎಚ್ಚರ ಬೇಕು. ಮೊದಲ ಸ್ಪರ್ಧೆ ಕ್ರಾಯ್ಡನ್‌ನಿಂದ ಗ್ಲಾಸ್ಗೊಗೆ ಒಂದು ದಿನ, ಅಲ್ಲಿಂದ ವಾಪಸು ಮರುದಿನ, ಸೆಪ್ಟೆಂಬರ್ 8 ಮತ್ತು 9ರಂದು ನಡೆಯಿತು. ಒಂದೇ ದಿನಾಂಕಕ್ಕೆ ಜಾಗವಿದ್ದ ನನ್ನ ಹಾಳೆ ಮೊದಲ ಸಾಲಿನಲ್ಲೇ ಸೋತಿತ್ತು.

ಸ್ಪರ್ಧೆ ನಡೆಯದ ವರ್ಷಗಳಿಗೂ ಸಾಲು ಬೇಕು. 1939ರ ಸ್ಪರ್ಧೆಯನ್ನು ಯುದ್ಧ ನುಂಗಿತು, ಮತ್ತೆ ನಡೆದದ್ದು 1949ರಲ್ಲಿ. 1951ರಲ್ಲಿ ಹವಾಮಾನ ಕೆಟ್ಟು ರದ್ದಾಯಿತು. ಸಾಲೇ ಇಲ್ಲದಿದ್ದರೆ ಓದುವವರಿಗೆ ಸ್ಪರ್ಧೆ ನಡೆಯಲಿಲ್ಲವೋ, ದಾಖಲೆ ಸಿಗಲಿಲ್ಲವೋ ತಿಳಿಯುವುದಿಲ್ಲ. ಇವೆರಡೂ ಬೇರೆ ಬೇರೆ ಸಂಗತಿಗಳು.

ಎರಡು ಮೂಲಗಳು ಜಗಳವಾಡಿದರೆ ಎರಡನ್ನೂ ಇಡುತ್ತೇನೆ, ಪುಟ ಮತ್ತು ದಿನಾಂಕದ ಸಮೇತ. ಮುಂಚೆ ನನಗೆ ಸರಿ ಎನಿಸಿದ್ದನ್ನು ಉಳಿಸಿ ಇನ್ನೊಂದನ್ನು ಅಳಿಸುತ್ತಿದ್ದೆ. ಹಾಗೆ ಅಳಿಸಿದ್ದರಲ್ಲಿ ಕೆಲವನ್ನು ಮರಳಿ ಹುಡುಕಲು ವಾರಗಳೇ ಹಿಡಿದವು. ಫೋಟೊಗಳಿಗೂ ಇದೇ ನಿಯಮ. ವಿಮಾನದ ಮೇಲೆ ಬರೆದ ಸ್ಪರ್ಧಾ ಸಂಖ್ಯೆ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ, ಶೀರ್ಷಿಕೆಯಲ್ಲಿ ಯಾವ ವರ್ಷ ಬರೆದಿದ್ದರೂ ಆ ಸಂಖ್ಯೆಯನ್ನು ನೋಂದಣಿ ಅಕ್ಷರಗಳ ಜೊತೆ ಕೂಡಿಸಿ ನೋಡಿದರೆ ನಿಜವಾದ ವರ್ಷ ಸಿಕ್ಕಿಬಿಡುತ್ತದೆ.

ಈಗ ಕೈಯಲ್ಲಿರುವುದು 1930. ಹ್ಯಾನ್ವರ್ತ್‌ನಿಂದ ಹೊರಟು 750 ಮೈಲಿ ಸುತ್ತಿದ ಆ ಸ್ಪರ್ಧೆಯನ್ನು ಏವ್ರೊ ಏವಿಯನ್ ವಿಮಾನದಲ್ಲಿ ವಿನಿಫ್ರೆಡ್ ಬ್ರೌನ್ ಗೆದ್ದರು. ಕಿಂಗ್ಸ್ ಕಪ್ ಗೆದ್ದ ಮೊದಲ ಮಹಿಳೆ ಅವರು. ಅವರ ಬಗ್ಗೆ ಬರೆದವರು ಬಹಳ ಮಂದಿ. ನನ್ನ ಕಣ್ಣಿರುವುದು ಪಟ್ಟಿಯ ಇನ್ನೊಂದು ತುದಿಯ ಮೇಲೆ. ಹೆಸರು ಕೊಟ್ಟ ವಿಮಾನಗಳು 101, ನೆಲ ಬಿಟ್ಟವು 88. ಮೊದಲ ಪಟ್ಟಿಯನ್ನು ನಕಲು ಮಾಡುವಾಗ ಎಲ್ಲ 101ನ್ನೂ ಸ್ಪರ್ಧಿಸಿದವು ಎಂದೇ ಬರೆದಿದ್ದೆ. ಈಗ ‘ಹೆಸರು ಕೊಟ್ಟದ್ದು’, ‘ಹೊರಟದ್ದು’, ‘ಮುಗಿಸಿದ್ದು’ ಎಂಬ ಮೂರು ಕಾಲಂಗಳಿವೆ. ಹೊರಡದೆ ಉಳಿದ ಹದಿಮೂರರ ಎದುರು ಕಾರಣದ ಜಾಗ ಖಾಲಿ ಇದೆ. ಒಂದೊಂದೇ ನೋಂದಣಿ ಪುಟ ತೆರೆದು ಹುಡುಕುತ್ತಿದ್ದೇನೆ. ನಿನ್ನೆ ರಾತ್ರಿ ಮೂರನೆಯದಕ್ಕೆ ಬಂದೆ.